ಜಾಗ ಗೊತ್ತಿದ್ದೂ ನೂರು ವರ್ಷ ಸಿಗದ ಹಡಗು: ಎಂಡ್ಯೂರೆನ್ಸ್ ಪತ್ತೆಯಾದದ್ದು ಹೇಗೆ?

1915ರ ನವೆಂಬರ್ 21ರಂದು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಎಂಡ್ಯೂರೆನ್ಸ್ ಎಂಬ ಹಡಗು ಮುಳುಗಿತು. ಎಲ್ಲಿ ಮುಳುಗಿತು ಎಂಬುದನ್ನು ಅದರ ಕಪ್ತಾನ ಫ್ರಾಂಕ್ ವರ್ಸ್ಲಿ ಬರೆದೇ ಇಟ್ಟಿದ್ದ: ದಕ್ಷಿಣ ಅಕ್ಷಾಂಶ 68 ಡಿಗ್ರಿ 39 ನಿಮಿಷ 30 ಸೆಕೆಂಡು, ಪಶ್ಚಿಮ ರೇಖಾಂಶ 52 ಡಿಗ್ರಿ 26 ನಿಮಿಷ 30 ಸೆಕೆಂಡು. ಅಷ್ಟು ಖಚಿತವಾಗಿ ವಿಳಾಸ ಕೊಟ್ಟಿದ್ದರೂ ಹಡಗು ಮತ್ತೆ ಮನುಷ್ಯರ ಕಣ್ಣಿಗೆ ಬಿದ್ದದ್ದು 2022ರ ಮಾರ್ಚ್ 5ರಂದು, 3,008 ಮೀಟರ್ ಆಳದಲ್ಲಿ.

ಕಡಲಾಳದಲ್ಲಿ ಹಳೆಯ ಹಡಗೊಂದು ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಏಳುತ್ತವೆ. ಜಾಗ ಗೊತ್ತಿದ್ದರೆ ಹುಡುಕಲು ಇಷ್ಟು ಕಾಲ ಏಕೆ? ಅಷ್ಟು ಆಳದ ಕತ್ತಲಲ್ಲಿ ಹುಡುಕುವುದಾದರೂ ಹೇಗೆ? ಮರದ ಹಡಗು ನೀರಲ್ಲಿ ಕೊಳೆತು ಹೋಗಿರಬೇಕಲ್ಲವೇ? ಸಿಕ್ಕಿದ್ದು ಯಾರಿಗೆ ಸೇರುತ್ತದೆ? ಎಂಡ್ಯೂರೆನ್ಸ್ ಕತೆಯಲ್ಲಿ ಈ ಎಲ್ಲಕ್ಕೂ ಉತ್ತರವಿದೆ. ಅದರಲ್ಲೂ ಮೊದಲ ಪ್ರಶ್ನೆಯೇ ಹೆಚ್ಚು ಸ್ವಾರಸ್ಯದ್ದು. ಏಕೆಂದರೆ ಹಡಗು ಹುಡುಕುವ ಕೆಲಸದ ದೊಡ್ಡ ಪಾಲು ನಡೆಯುವುದು ನೀರಿನಲ್ಲಲ್ಲ, ಕಾಗದದ ಮೇಲೆ.

## ಹಡಗಿನ ಹಿನ್ನೆಲೆ

ಎಂಡ್ಯೂರೆನ್ಸ್ ಸುಮಾರು 44 ಮೀಟರ್ ಉದ್ದದ, ಮೂರು ಕೂವೆಮರಗಳ ಹಡಗು. ಹಾಯಿಯ ಜೊತೆಗೆ ಉಗಿ ಎಂಜಿನ್ನೂ ಇತ್ತು. 1912ರಲ್ಲಿ ನಾರ್ವೆಯ ಸಾಂಡೆಫ್ಯೋರ್ಡ್‌ನಲ್ಲಿ ಕಟ್ಟಿದಾಗ ಅದರ ಹೆಸರು ಪೊಲಾರಿಸ್. ಅಂಟಾರ್ಕ್ಟಿಕಾ ಖಂಡವನ್ನು ಒಂದು ಕಡಲಿಂದ ಇನ್ನೊಂದು ಕಡಲಿಗೆ ನೆಲದ ಮೇಲೆ ದಾಟಬೇಕೆಂದು ಹೊರಟ ಅರ್ನೆಸ್ಟ್ ಶ್ಯಾಕಲ್‌ಟನ್ ಅದನ್ನು ಕೊಂಡು ಹೊಸ ಹೆಸರಿಟ್ಟ.

ದಾಟುವ ಮಾತು ಹಾಗಿರಲಿ, ದಡವನ್ನೇ ಮುಟ್ಟಲಾಗಲಿಲ್ಲ. 1915ರ ಜನವರಿಯಲ್ಲಿ ಹಡಗು ಮಂಜುಗಡ್ಡೆಗಳ ನಡುವೆ ಸಿಕ್ಕಿಬಿತ್ತು. ಸಮುದ್ರದ ಮೇಲಿನ ಮಂಜು ನಿಂತಲ್ಲಿ ನಿಲ್ಲುವುದಿಲ್ಲ, ಗಾಳಿ ಮತ್ತು ಪ್ರವಾಹದ ಜೊತೆ ನಿಧಾನವಾಗಿ ತೇಲುತ್ತದೆ. ಹಡಗೂ ಅದರೊಂದಿಗೆ ತಿಂಗಳುಗಟ್ಟಲೆ ತೇಲಿತು. ಅಕ್ಟೋಬರ್ ಕೊನೆಯ ಹೊತ್ತಿಗೆ ಮಂಜಿನ ಒತ್ತಡಕ್ಕೆ ಅದರ ಮೈ ಬಿರಿದಾಗ 28 ಜನರೂ ಕೆಳಗಿಳಿದು ಮಂಜಿನ ಮೇಲೆ ಡೇರೆ ಹಾಕಿದರು. ಮುಂದೆ ಅವರು ಸಣ್ಣ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದ್ದು, ಅಲ್ಲಿಂದ ಆರು ಮಂದಿ ದೋಣಿಯೊಂದರಲ್ಲಿ ಸುಮಾರು 1,300 ಕಿಲೋಮೀಟರ್ ದಾಟಿ ಸೌತ್ ಜಾರ್ಜಿಯಾ ತಲುಪಿದ್ದು, 1916ರ ಆಗಸ್ಟ್ 30ರಂದು ಚಿಲಿಯ ಯೆಲ್ಚೋ ಹಡಗು ಉಳಿದವರನ್ನು ಕರೆತಂದದ್ದು, 28 ಜನರಲ್ಲಿ ಒಬ್ಬರೂ ಸಾಯದೆ ಉಳಿದದ್ದು ಬೇರೆಯೇ ಒಂದು ಕತೆ. ಹಡಗಿಗೆ ಇಷ್ಟು ಹೆಸರು ಬಂದದ್ದು ಆ ಕತೆಯಿಂದಲೇ.

## ಕಡಲಿನ ನಡುವೆ ವಿಳಾಸ ಬರೆಯುವುದು

ಭೂಮಿಯ ಮೇಲಿನ ಯಾವುದೇ ಜಾಗವನ್ನು ಗುರುತಿಸಲು ಎರಡು ಸಂಖ್ಯೆ ಸಾಕು. ಅಕ್ಷಾಂಶ, ಅಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ದೂರ. ರೇಖಾಂಶ, ಅಂದರೆ ಇಂಗ್ಲೆಂಡಿನ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ. ಡಿಗ್ರಿಯಲ್ಲಿ 60 ನಿಮಿಷ, ನಿಮಿಷದಲ್ಲಿ 60 ಸೆಕೆಂಡು. ಇವು ಕೋನದ ಅಳತೆಗಳು, ಗಡಿಯಾರದ್ದಲ್ಲ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್.

ಅಕ್ಷಾಂಶ ಹಿಡಿಯುವುದು ಎರಡರಲ್ಲಿ ಸುಲಭದ್ದು. ನಡುಹಗಲಲ್ಲಿ ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂದು ಸೆಕ್ಸ್ಟಂಟ್ ಎಂಬ ಉಪಕರಣದಿಂದ ಅಳೆದರೆ, ಪಂಚಾಂಗದ ಪಟ್ಟಿ ನೋಡಿ ಲೆಕ್ಕ ಹಾಕಬಹುದು. ರೇಖಾಂಶ ಸತಾಯಿಸುತ್ತದೆ. ಅದಕ್ಕೆ ಈ ಕ್ಷಣದಲ್ಲಿ ಗ್ರೀನಿಚ್‌ನಲ್ಲಿ ಗಂಟೆ ಎಷ್ಟು ಎಂಬುದು ಗೊತ್ತಿರಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ಇಲ್ಲಿಯ ಹೊತ್ತಿಗೂ ಅಲ್ಲಿಯ ಹೊತ್ತಿಗೂ ಇರುವ ಅಂತರವೇ ರೇಖಾಂಶ. ಗ್ರೀನಿಚ್ ಸಮಯವನ್ನು ಜೊತೆಯಲ್ಲೇ ಒಯ್ಯಲು ನಾವಿಕರು ಕ್ರೋನೋಮೀಟರ್ ಎಂಬ ನಿಖರ ಗಡಿಯಾರ ಇಟ್ಟುಕೊಳ್ಳುತ್ತಿದ್ದರು.

ಎಷ್ಟೇ ಒಳ್ಳೆಯ ಗಡಿಯಾರವಾದರೂ ದಿನಕ್ಕೆ ಅಷ್ಟಿಷ್ಟು ಹಿಂದೆಮುಂದೆ ಆಗುತ್ತದೆ. ಗೊತ್ತಿರುವ ನೆಲವೊಂದು ಕಂಡರೆ ಅದನ್ನು ಸರಿಪಡಿಸಿಕೊಳ್ಳಬಹುದು. ವರ್ಸ್ಲಿಗೆ ತಿಂಗಳುಗಟ್ಟಲೆ ಅಂಥ ನೆಲ ಕಾಣಲಿಲ್ಲ. ಎಂಡ್ಯೂರೆನ್ಸ್ ಮುಳುಗಿದ ಅಕ್ಷಾಂಶದಲ್ಲಿ ಗಡಿಯಾರ ಒಂದು ನಿಮಿಷ ತಪ್ಪಿದರೆ ನಕ್ಷೆಯಲ್ಲಿ ಹಡಗು ಸುಮಾರು 10 ಕಿಲೋಮೀಟರ್ ಪಕ್ಕಕ್ಕೆ ಸರಿಯುತ್ತದೆ.

ತಂಡದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಚಂದ್ರ ತನ್ನ ಹಾದಿಯಲ್ಲಿ ಆಗಾಗ ಯಾವುದೋ ನಕ್ಷತ್ರವನ್ನು ಮರೆಮಾಡುತ್ತಾನೆ. ಆ ಮರೆಯಾಗುವ ಕ್ಷಣವನ್ನು ಮೊದಲೇ ಲೆಕ್ಕ ಹಾಕಿ ತಿಳಿಯಬಹುದು. ಧ್ರುವಪ್ರದೇಶದ ಉದ್ದನೆಯ ಚಳಿಗಾಲದ ರಾತ್ರಿಯಲ್ಲಿ ದೂರದರ್ಶಕ ಹಿಡಿದು ಆ ಕ್ಷಣಗಳನ್ನು ಗುರುತಿಸಿ, ಅದರಿಂದ ಗಡಿಯಾರ ತಿದ್ದಿಕೊಂಡರು. ಆಕಾಶವನ್ನೇ ಗಡಿಯಾರ ಮಾಡಿಕೊಳ್ಳುವ ಈ ಜಾಣತನಕ್ಕೆ ತಲೆದೂಗಬೇಕು. ಆದರೂ ಆ ಕಾಲದ ಚಂದ್ರನ ಪಟ್ಟಿಗಳಲ್ಲೇ ಚಿಕ್ಕ ದೋಷಗಳಿದ್ದವು.

ಇಷ್ಟು ಸಾಲದೆಂಬಂತೆ, ಹಡಗು ಮುಳುಗಿದ ದಿನ ಮೋಡ ಕವಿದಿತ್ತು. ಸೂರ್ಯನನ್ನು ಅಳೆಯಲಾದದ್ದು ಮರುದಿನ. ಅಷ್ಟರಲ್ಲಿ ಮಂಜು ತೇಲುತ್ತಲೇ ಇತ್ತು. ಜೊತೆಗೆ ವರ್ಸ್ಲಿ ಆಗ ಹಡಗಿನಲ್ಲಿ ಇರಲಿಲ್ಲ, ಸುಮಾರು ಎರಡೂವರೆ ಕಿಲೋಮೀಟರ್ ಆಚೆಯ ಡೇರೆಯಲ್ಲಿದ್ದ. ಹೀಗಾಗಿ ಅವನು ಬರೆದ ಆ ಖಚಿತ ಸಂಖ್ಯೆ ನೇರವಾಗಿ ಅಳೆದದ್ದಲ್ಲ. ಮಂಜು ಎಷ್ಟು ತೇಲಿರಬಹುದು, ಯಾವ ದಿಕ್ಕಿಗೆ, ಡೇರೆಯಿಂದ ಹಡಗು ಎಷ್ಟು ದೂರ ಎಂಬುದನ್ನೆಲ್ಲ ಕೂಡಿ ಕಳೆದು ಬಂದದ್ದು.

## ತಪ್ಪಿನ ಗಾತ್ರ ಎಷ್ಟು?

ಹಡಗು ಹುಡುಕಲು ಹೊರಡುವವರು ಮೊದಲು ಕೇಳಿಕೊಳ್ಳುವುದು ಇದನ್ನೇ. ಹಡಗು ಎಲ್ಲಿದೆ ಎಂಬುದಕ್ಕಿಂತ, ಬರೆದಿಟ್ಟ ಜಾಗ ಎಷ್ಟು ತಪ್ಪಿರಬಹುದು ಎಂಬುದು ಮುಖ್ಯ. ವರ್ಸ್ಲಿಯ ದಿನಚರಿಯ ಪುಟಗಳನ್ನು ಸಂಶೋಧಕರು ಸಾಲು ಸಾಲಾಗಿ ಮರುಲೆಕ್ಕ ಹಾಕಿದರು. ಚಂದ್ರನ ಸ್ಥಾನವನ್ನು ಇಂದಿನ ನಿಖರ ಲೆಕ್ಕದಿಂದ ತಿದ್ದಿ ನೋಡಿದರು. ಗಡಿಯಾರ ಇಷ್ಟು ತಪ್ಪಿದ್ದರೆ ಹಡಗು ಇಲ್ಲಿ, ಮಂಜು ಅತ್ತ ತೇಲಿದ್ದರೆ ಅಲ್ಲಿ ಎಂದು ಗುರುತು ಹಾಕುತ್ತ ಹೋದಾಗ ನಕ್ಷೆಯ ಮೇಲೊಂದು ಚೌಕ ಮೂಡಿತು. ಅದರ ವಿಸ್ತೀರ್ಣ 100 ಚದರ ಮೈಲಿಗೂ ಮಿಕ್ಕಿತ್ತು. ಚೌಕ ತೀರಾ ಚಿಕ್ಕದಾದರೆ ಹಡಗು ಹೊರಗುಳಿಯುತ್ತದೆ, ತೀರಾ ದೊಡ್ಡದಾದರೆ ಕಾಲ, ಹಣ ಎರಡೂ ಮುಗಿದುಹೋಗುತ್ತವೆ.

ಈ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಟೈಟಾನಿಕ್ ಇನ್ನೊಂದು ಉದಾಹರಣೆ. 1912ರಲ್ಲಿ ಮುಳುಗುವ ಮುನ್ನ ಅದು ರೇಡಿಯೋದಲ್ಲಿ ಸಾರಿದ ಜಾಗಕ್ಕೂ ನಿಜವಾಗಿ ಅವಶೇಷ ಇರುವ ಜಾಗಕ್ಕೂ ಸುಮಾರು 13 ನಾಟಿಕಲ್ ಮೈಲಿ ವ್ಯತ್ಯಾಸವಿದೆ. ಎಲ್ಲ ಆಧುನಿಕ ಸೌಕರ್ಯಗಳಿದ್ದ ಹಡಗು ಅಷ್ಟು ತಪ್ಪಿದರೆ, ಮಂಜಿನ ಮೇಲೆ ಡೇರೆಯಲ್ಲಿ ಕೂತು ಬರೆದ ವರ್ಸ್ಲಿ ತಪ್ಪಿದ್ದು ಸುಮಾರು ನಾಲ್ಕು ಮೈಲಿ ಮಾತ್ರ. ಎಂಡ್ಯೂರೆನ್ಸ್ ಸಿಕ್ಕಿದ್ದು ಅವನು ಹೇಳಿದ ಜಾಗಕ್ಕಿಂತ ಅಷ್ಟು ದಕ್ಷಿಣಕ್ಕೆ. ಗಡಿಯಾರದ ತಪ್ಪು ಹಡಗನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಳ್ಳುತ್ತದೆಯೇ ಹೊರತು ದಕ್ಷಿಣಕ್ಕಲ್ಲ. ಹಾಗಾಗಿ ಇಲ್ಲಿ ಹೆಚ್ಚು ದಾರಿ ತಪ್ಪಿಸಿದ್ದು ಗಡಿಯಾರವಲ್ಲ, ಮೋಡ ಕವಿದ ಆ ಗಂಟೆಗಳಲ್ಲಿ ಮಂಜು ತೇಲಿದ ರೀತಿ ಎಂದು ನನಗನ್ನಿಸುತ್ತದೆ.

## ಕತ್ತಲಲ್ಲಿ ಕಿವಿಯೇ ಕಣ್ಣು

ಚೌಕ ಸಿಕ್ಕಿತು. ಇನ್ನು ಅದರೊಳಗೆ ನೋಡಬೇಕು. ಆದರೆ ಸೂರ್ಯನ ಬೆಳಕು 1,000 ಮೀಟರ್ ಆಚೆಗೆ ಇಳಿಯುವುದೇ ಇಲ್ಲ. ದೀಪ ಹಿಡಿದು ಇಳಿದರೂ ಕೆಲವೇ ಮೀಟರ್ ದೂರ ಕಾಣುತ್ತದೆ. ರೇಡಿಯೋ ಅಲೆಗಳನ್ನು ಸಮುದ್ರದ ನೀರು ಬೇಗ ಹೀರಿಕೊಳ್ಳುತ್ತದೆ, ಆದ್ದರಿಂದ ಜಿಪಿಎಸ್ ಕೂಡ ಕೆಲಸಕ್ಕೆ ಬಾರದು. 3,000 ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನ ವಾತಾವರಣದ ಒತ್ತಡಕ್ಕಿಂತ ಸುಮಾರು 300 ಪಟ್ಟು, ಮುಳುಗುಗಾರರ ಮಾತಂತೂ ದೂರವೇ ಉಳಿಯಿತು.

ನೀರಿನಲ್ಲಿ ದೂರ ಹೋಗಬಲ್ಲದ್ದು ಸದ್ದು. ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಸದ್ದು ಕಳಿಸಿ, ಅದು ತಳಕ್ಕೆ ಬಡಿದು ಮರಳುವ ಪ್ರತಿಧ್ವನಿಯನ್ನು ಹಿಡಿದು, ಅಲ್ಲಿ ಏನಿದೆ ಎಂದು ತಿಳಿಯುವ ಉಪಕರಣವೇ ಸೋನಾರ್. ಮೂರು ಕಿಲೋಮೀಟರ್ ಕೆಳಗೆ ಹೋಗಿ ಮರಳಲು ಸದ್ದಿಗೆ ನಾಲ್ಕು ಸೆಕೆಂಡು ಬೇಕು.

ಹಾಗಾದರೆ ಹಡಗಿನಲ್ಲೇ ಕೂತು ಕೆಳಕ್ಕೆ ಸದ್ದು ಕಳಿಸಿದರೆ ಆಗದೇ? ಸದ್ದಿನ ಕಿರಣ ಕೆಳಗಿಳಿದಂತೆ ಅಗಲವಾಗುತ್ತದೆ. ಒಂದೇ ಡಿಗ್ರಿ ಅಗಲದ ಕಿರಣವೂ 3,000 ಮೀಟರ್ ಆಳ ಮುಟ್ಟುವಾಗ 50 ಮೀಟರಿಗೂ ಹೆಚ್ಚು ಹರಡಿರುತ್ತದೆ. ಎಂಡ್ಯೂರೆನ್ಸ್ ಉದ್ದ 44 ಮೀಟರ್. ಅಂದರೆ ಇಡೀ ಹಡಗು ನಕ್ಷೆಯಲ್ಲಿ ಒಂದು ಚುಕ್ಕೆಗೂ ಸಾಲದು! ಇನ್ನೂ ನವಿರಾದ ವಿವರ ಬೇಕೆಂದರೆ ಹೆಚ್ಚು ಕಂಪನದ ಸದ್ದು ಬಳಸಬೇಕು, ಆದರೆ ಅಂಥ ಸದ್ದು ಬಹಳ ದೂರ ಹೋಗುವುದಿಲ್ಲ. ಆದ್ದರಿಂದ ಸೋನಾರನ್ನೇ ತಳದ ಹತ್ತಿರಕ್ಕೆ ಒಯ್ಯಬೇಕಾಗುತ್ತದೆ. ಜಗತ್ತಿನ ಸಮುದ್ರತಳದಲ್ಲಿ ಆಧುನಿಕ ವಿಧಾನದಿಂದ ನಕ್ಷೆಯಾಗಿರುವುದು ಸುಮಾರು ಕಾಲುಭಾಗ ಮಾತ್ರ ಎಂದರೆ ಅದಕ್ಕೆ ಇದೂ ಒಂದು ಕಾರಣ.

ಹುಡುಕಾಟಕ್ಕೆ ಬಳಸುವುದು ಸೈಡ್ ಸ್ಕ್ಯಾನ್ ಸೋನಾರ್. ಅದು ನೇರ ಕೆಳಕ್ಕಲ್ಲದೆ ಎಡಬಲಕ್ಕೆ ಓರೆಯಾಗಿ ಸದ್ದು ಬೀರುತ್ತದೆ. ತಳದಿಂದ ಎದ್ದು ನಿಂತ ವಸ್ತು ಪ್ರತಿಧ್ವನಿಯನ್ನು ಜೋರಾಗಿ ಹಿಂದಿರುಗಿಸುತ್ತದೆ, ಅದರ ಹಿಂದೆ ಸದ್ದು ಮುಟ್ಟದ ಭಾಗ ನೆರಳಾಗಿ ಕಾಣುತ್ತದೆ. ಅನುಭವಿಗಳು ವಸ್ತುವಿಗಿಂತ ಆ ನೆರಳಿನ ಆಕಾರವನ್ನೇ ಹೆಚ್ಚು ನಂಬುತ್ತಾರೆ. ಬಂಡೆಯ ನೆರಳು ಅಂಕುಡೊಂಕು. ಮನುಷ್ಯ ಕಟ್ಟಿದ್ದರಲ್ಲಿ ನೇರ ಗೆರೆಗಳು ಸಿಗುತ್ತವೆ. ಸೋನಾರ್ ಹೊತ್ತ ಯಂತ್ರ ಹೊಲ ಉಳುವ ನೇಗಿಲಿನಂತೆ ಚೌಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಿರುಗಿ, ಹಿಂದಿನ ಸಾಲಿಗೆ ಒತ್ತಿಕೊಂಡೇ ಮರಳುತ್ತದೆ. ಸಾಲುಗಳ ನಡುವೆ ಬಿಟ್ಟ ನೆಲ ಉಳಿಯಬಾರದು. ಹಡಗು ಅಲ್ಲೇ ಇದ್ದರೆ?

ಟೈಟಾನಿಕ್ ಹುಡುಕಿದ ಬಗೆ ಇದಕ್ಕಿಂತ ಬೇರೆ. 1985ರಲ್ಲಿ ಫ್ರೆಂಚ್ ಹಡಗೊಂದು ವಾರಗಟ್ಟಲೆ ಸೋನಾರ್ ಹಾಯಿಸಿಯೂ ಅದು ಸಿಗಲಿಲ್ಲ. ಆಮೇಲೆ ರಾಬರ್ಟ್ ಬಲ್ಲಾರ್ಡ್ ತಂಡ ಕ್ಯಾಮೆರಾ ಇಳಿಬಿಟ್ಟು, ಹಡಗಿನ ಬದಲು ಅದರಿಂದ ಉದುರಿದ ಚೂರುಗಳನ್ನು ಹುಡುಕಿತು. ಅಮೆರಿಕದ ನೌಕಾಪಡೆಗಾಗಿ ಥ್ರೆಶರ್ ಮತ್ತು ಸ್ಕಾರ್ಪಿಯನ್ ಎಂಬ ಮುಳುಗಿದ ಜಲಾಂತರ್ಗಾಮಿಗಳನ್ನು ಪರಿಶೀಲಿಸುವಾಗ ಅವರು ಒಂದು ವಿಷಯ ಗಮನಿಸಿದ್ದರು: ಒಡೆದು ಮುಳುಗುವ ನೌಕೆಯ ಚೂರುಗಳನ್ನು ಪ್ರವಾಹ ಬಹುದೂರ ಚೆಲ್ಲುತ್ತದೆ. ಉದ್ದನೆಯ ಆ ಜಾಡನ್ನು ಅಡ್ಡ ಹಾಯುವುದು ಹಡಗಿನ ಮೇಲೆಯೇ ಹಾಯುವುದಕ್ಕಿಂತ ಸುಲಭ. ಸೆಪ್ಟೆಂಬರ್ 1ರ ನಸುಕಿಗೆ ಮೊದಲೇ ಕಂಡದ್ದು ಒಂದು ಬಾಯ್ಲರ್, ಆ ಜಾಡು ಹಿಡಿದು ಹೋದಾಗ ಹಡಗು.

## ಮೇಲೆ ಮಂಜಿನ ಮುಚ್ಚಳ

ವೆಡೆಲ್ ಸಮುದ್ರದಲ್ಲಿ ಇದಕ್ಕೆಲ್ಲ ಇನ್ನೊಂದು ತೊಡಕು ಸೇರುತ್ತದೆ. ಮೇಲೆ ಮಂಜು ಹರಡಿರುತ್ತದೆ, ಅದು ಸರಿಯುತ್ತಲೂ ಇರುತ್ತದೆ. ಯಂತ್ರವನ್ನು ಇಳಿಸಿದ ಕಿಂಡಿ ಅದು ಮರಳುವಾಗ ಅದೇ ಜಾಗದಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಹಡಗೇ ಮಂಜಿನ ಜೊತೆ ಸರಿದಿರುತ್ತದೆ.

2019ರಲ್ಲಿ ನಡೆದ ಮೊದಲ ಯತ್ನ ಸೋತದ್ದು ಇಂಥ ನೀರಿನಲ್ಲೇ. ಆಗ ಬಳಸಿದ್ದು ಯಾವ ತಂತಿಯೂ ಇಲ್ಲದೆ ತಾನೇ ಸಂಚರಿಸುವ ಸ್ವಯಂಚಾಲಿತ ಯಂತ್ರ. ಮಂಜಿನಡಿ ಅದರ ಸಂಪರ್ಕ ತಪ್ಪಿತು, ಯಂತ್ರ ಮರಳಲಿಲ್ಲ. ತಂಡ ಬರಿಗೈಯಲ್ಲಿ ಹಿಂದಿರುಗಿತು.

2022ರಲ್ಲಿ ಫಾಕ್‌ಲ್ಯಾಂಡ್ಸ್ ಮೆರಿಟೈಮ್ ಹೆರಿಟೇಜ್ ಟ್ರಸ್ಟ್ ಮತ್ತೆ ತಂಡ ಕಳಿಸಿತು. ಭೂಗೋಳ ತಜ್ಞ ಜಾನ್ ಶಿಯರ್ಸ್ ಅದರ ನಾಯಕರು, ಸಮುದ್ರ ಪುರಾತತ್ವ ತಜ್ಞ ಮೆನ್ಸನ್ ಬೌಂಡ್ ಶೋಧದ ಹೊಣೆ ಹೊತ್ತವರು. ಮಂಜು ಒಡೆಯುವ ಹಡಗು ದಕ್ಷಿಣ ಆಫ್ರಿಕಾದ ಎಸ್.ಎ. ಅಗುಲ್ಹಾಸ್ 2. ಈ ಬಾರಿ ಬಳಸಿದ ಸೇಬರ್‌ಟೂತ್ ಯಂತ್ರ ತಾನಾಗಿಯೂ ಸಂಚರಿಸಬಲ್ಲದು, ಜೊತೆಗೆ ತೆಳುವಾದ ಆಪ್ಟಿಕಲ್ ಫೈಬರ್ ತಂತಿಯಿಂದ ಹಡಗಿಗೆ ಕಟ್ಟಿಕೊಂಡೂ ಇರುತ್ತದೆ. ಇದರಿಂದ ಎರಡು ಲಾಭ. ಯಂತ್ರ ಎಲ್ಲಿದೆ ಎಂದು ಸದಾ ಗೊತ್ತಿರುತ್ತದೆ. ಸೋನಾರ್ ಚಿತ್ರಗಳು ಆಗಿಂದಾಗ ಮೇಲೆ ಬರುತ್ತವೆ, ಅನುಮಾನ ಬಂದ ಕಡೆ ಕೂಡಲೇ ತಿರುಗಿ ನೋಡಬಹುದು. ಅದೃಷ್ಟವೂ ಕೈಕೊಟ್ಟಿರಲಿಲ್ಲ: ಆ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರಮಂಜು ಉಪಗ್ರಹ ದಾಖಲೆಗಳಲ್ಲಿ ಅಲ್ಲಿಯವರೆಗಿನ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು.

ಮಾರ್ಚ್ 5ರಂದು ಹಡಗು ಸಿಕ್ಕಿತು. ನೇರವಾಗಿ ನಿಂತಿತ್ತು. ಕೂವೆಮರಗಳು ಉರುಳಿದ್ದರೂ ಚುಕ್ಕಾಣಿಯ ಚಕ್ರ ಇದ್ದಲ್ಲೇ ಇತ್ತು. ಹಿಂಬದಿಯಲ್ಲಿ ಕಮಾನಿನಾಕಾರದಲ್ಲಿ ಎಂಡ್ಯೂರೆನ್ಸ್ ಎಂಬ ಹೆಸರು, ಅದರ ಕೆಳಗೆ ಹಳೆಯ ಹೆಸರಾದ ಪೊಲಾರಿಸ್ ಕಾಲದ ಐದು ಮೂಲೆಯ ನಕ್ಷತ್ರ. ಇದು ಅದೇ ಹಡಗೋ ಅಲ್ಲವೋ ಎಂಬ ಚರ್ಚೆಗೆ ಆಸ್ಪದವೇ ಉಳಿಯಲಿಲ್ಲ. ಕಾಕತಾಳೀಯವೆಂದರೆ ಶ್ಯಾಕಲ್‌ಟನ್‌ನನ್ನು ಸೌತ್ ಜಾರ್ಜಿಯಾದಲ್ಲಿ ಮಣ್ಣು ಮಾಡಿದ್ದು 1922ರ ಮಾರ್ಚ್ 5ರಂದು.

## ಮರ ಕೊಳೆಯಲಿಲ್ಲವೇಕೆ?

ಸಮುದ್ರದಲ್ಲಿ ಮರವನ್ನು ಮುಗಿಸುವುದು ನೀರಿಗಿಂತ ಹೆಚ್ಚಾಗಿ ಜೀವಿಗಳು. ಹಡಗುಹುಳು ಎಂದು ಕರೆಯುವ ಜೀವಿ ಹುಳುವಲ್ಲ, ಚಿಪ್ಪುಮೀನಿನ ಬಳಗದ್ದು. ಅದು ಮರವನ್ನು ಕೊರೆದು, ತಿಂದು, ಅದರೊಳಗೇ ಬದುಕುತ್ತದೆ. ಆಳ ಸಮುದ್ರದಲ್ಲೂ ಮರ ಕೊರೆಯುವ ಅದರ ನೆಂಟರಿದ್ದಾರೆ. ಟೈಟಾನಿಕ್‌ನ ಪೈನ್ ಮರದ ಅಟ್ಟಗಳು ಬಹುಪಾಲು ಇಲ್ಲವಾದದ್ದು ಇಂಥ ಜೀವಿಗಳಿಂದ.

ಅಂಟಾರ್ಕ್ಟಿಕಾದಲ್ಲಿ ಕೋಟ್ಯಂತರ ವರ್ಷಗಳಿಂದ ಕಾಡಿಲ್ಲ. ಕಾಡಿಲ್ಲವಾದರೆ ಕಡಲಿಗೆ ತೇಲಿ ಬರುವ ಮರವೂ ಇಲ್ಲ, ಮರ ತಿಂದು ಬದುಕುವ ಜೀವಿಗೆ ಅಲ್ಲಿ ಅನ್ನವೂ ಇಲ್ಲ. ಹೊರಗಿನಿಂದ ಅವು ಬಾರದಂತೆ ಖಂಡವನ್ನು ಸುತ್ತುವ ಪ್ರಬಲ ಪ್ರವಾಹವೊಂದು ಬೇಲಿ ಹಾಕಿದೆ. ಹಡಗು ಸಿಗುವ ಎಷ್ಟೋ ಮೊದಲೇ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ತಿಮಿಂಗಿಲದ ಮೂಳೆ ಮತ್ತು ಮರದ ಹಲಗೆಗಳನ್ನು ಅಂಟಾರ್ಕ್ಟಿಕಾದ ಸಮುದ್ರತಳದಲ್ಲಿಟ್ಟು 14 ತಿಂಗಳ ನಂತರ ತೆಗೆದರು. ಮೂಳೆಗೆ ಮೂಳೆ ತಿನ್ನುವ ಹುಳುಗಳು ಮುತ್ತಿದ್ದವು, ಹಲಗೆಗಳು ಇಟ್ಟ ಹಾಗೇ ಇದ್ದವು. 2013ರಲ್ಲಿ ಆ ಫಲಿತಾಂಶ ಪ್ರಕಟಿಸಿದಾಗಲೇ, ಎಂಡ್ಯೂರೆನ್ಸ್ ಚೆನ್ನಾಗಿಯೇ ಉಳಿದಿರಬಹುದೆಂದು ಅವರು ಊಹಿಸಿದ್ದರು. ವಿಜ್ಞಾನದಲ್ಲಿ ಊಹೆಯೊಂದು ಇಷ್ಟು ಅಚ್ಚುಕಟ್ಟಾಗಿ ನಿಜವಾಗುವುದು ಅಪರೂಪ.

ಹಡಗು ಖಾಲಿಯೇನೂ ಇಲ್ಲ. ಕಡಲಹೂಗಳು, ಸ್ಪಂಜುಗಳು, ನಕ್ಷತ್ರಮೀನಿನ ಬಳಗದ ಜೀವಿಗಳು ಅದರ ಮೈಮೇಲೆ ಮನೆ ಮಾಡಿಕೊಂಡಿವೆ. ಆದರೆ ಅವು ಮರವನ್ನು ತಿನ್ನುವುದಿಲ್ಲ.

## ಯಾರಿಗೆ ಸೇರಿದ್ದು?

ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು ಎಂಡ್ಯೂರೆನ್ಸ್ ಅವಶೇಷವನ್ನು 2019ರಲ್ಲೇ, ಇನ್ನೂ ಸಿಗುವ ಮುನ್ನವೇ, ಐತಿಹಾಸಿಕ ಸ್ಮಾರಕವೆಂದು ಘೋಷಿಸಿದ್ದವು. ಆದ್ದರಿಂದ ಶೋಧ ತಂಡ ಅದನ್ನು ನೋಡಬಹುದಿತ್ತು, ಚಿತ್ರ ತೆಗೆಯಬಹುದಿತ್ತು. ಮುಟ್ಟುವಂತಿರಲಿಲ್ಲ, ಮುಟ್ಟಲೂ ಇಲ್ಲ. ಟೈಟಾನಿಕ್ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಮೆರಿಕದ ನ್ಯಾಯಾಲಯ ಒಂದು ಕಂಪನಿಗೆ ವಸ್ತುಗಳನ್ನು ಎತ್ತುವ ಹಕ್ಕು ಕೊಟ್ಟಿತು, 5,000ಕ್ಕೂ ಹೆಚ್ಚು ವಸ್ತುಗಳು ಮೇಲೆ ಬಂದವು. ಮುಳುಗಿ ನೂರು ವರ್ಷ ದಾಟಿದ ಅವಶೇಷಗಳನ್ನು ಸಾಧ್ಯವಾದಷ್ಟೂ ಇದ್ದಲ್ಲೇ ಕಾಪಾಡಬೇಕೆಂದು ಯುನೆಸ್ಕೋದ 2001ರ ಒಡಂಬಡಿಕೆ ಹೇಳುತ್ತದೆ, ಆದರೆ ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ.

## ಮುಟ್ಟದೆಯೂ ಕಲಿಯಬಹುದಾದದ್ದು

ಮುಟ್ಟದಿದ್ದರೇನು, ಸುಮಾರು 25,000 ಚಿತ್ರಗಳಿಂದ ಹಡಗಿನ ಮೂರು ಆಯಾಮದ ಮಾದರಿ ತಯಾರಾಗಿದೆ. 2024ರಲ್ಲಿ ಹೊರಬಂದ ಆ ಚಿತ್ರಗಳಲ್ಲಿ ಊಟದ ತಟ್ಟೆಗಳು, ಒಂದು ಬೂಟು, ಸಂಕೇತಕ್ಕೆ ಸಿಡಿಸುವ ಪಿಸ್ತೂಲು ಕಾಣುತ್ತವೆ.

ಹಡಗು ಮುಳುಗಿದ್ದೇಕೆ ಎಂಬ ಪ್ರಶ್ನೆಯೂ ಮತ್ತೆ ತೆರೆದುಕೊಂಡಿದೆ. ಎಂಡ್ಯೂರೆನ್ಸ್ ತನ್ನ ಕಾಲದ ಅತಿ ಗಟ್ಟಿ ಮರದ ಹಡಗು, ಚುಕ್ಕಾಣಿ ಕಿತ್ತುಹೋದದ್ದೇ ಅದಕ್ಕೆ ಮುಳುವಾಯಿತು ಎಂಬ ಮಾತು ಬಹುಕಾಲ ನಡೆದುಬಂದಿತ್ತು. ಶೋಧಯಾತ್ರೆಯಲ್ಲಿದ್ದ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಯುಕ್ಕ ತುಹ್ಕುರಿ ಹಳೆಯ ದಿನಚರಿ, ಪತ್ರ ಮತ್ತು ಹಡಗಿನ ರಚನೆಯನ್ನು ಒಟ್ಟಿಗಿಟ್ಟು ನೋಡಿ 2025ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು. ಅದೇ ಕಾಲದ ಇತರ ಧ್ರುವಯಾನದ ಹಡಗುಗಳಿಗಿಂತ ಇದರ ತೊಲೆಗಳು ದುರ್ಬಲ, ಎಂಜಿನ್ ಕೋಣೆ ಉದ್ದವಾಗಿದ್ದರಿಂದ ನಡುಭಾಗ ಇನ್ನೂ ದುರ್ಬಲ. ಎರಡೂ ಬದಿಯಿಂದ ಮಂಜು ಒತ್ತಿದಾಗ ತಡೆದುಕೊಳ್ಳಲು ಬೇಕಾದ ಓರೆ ತೊಲೆಗಳೂ ಇರಲಿಲ್ಲ. ಕೊನೆಗೆ ಹಡಗನ್ನು ಮುಳುಗಿಸಿದ್ದು ಅದರ ಅಡಿತೊಲೆಯನ್ನೇ ಮಂಜು ಕಿತ್ತುಹಾಕಿದ್ದು.

ಶ್ಯಾಕಲ್‌ಟನ್‌ಗೆ ಈ ದೌರ್ಬಲ್ಯ ತಿಳಿಯದ್ದೇನಲ್ಲ. ಅಂಟಾರ್ಕ್ಟಿಕಾಕ್ಕೆ ಹೊರಟಿದ್ದ ಜರ್ಮನ್ ತಂಡದ ಡಾಯ್ಚ್‌ಲ್ಯಾಂಡ್ ಹಡಗಿಗೆ ಓರೆ ತೊಲೆ ಹಾಕಿಸುವಂತೆ ಸಲಹೆ ಕೊಟ್ಟವನೇ ಅವನು. ಆ ಹಡಗು 1912ರಲ್ಲಿ ಅದೇ ವೆಡೆಲ್ ಸಮುದ್ರದ ಮಂಜಿನಲ್ಲಿ ಎಂಟು ತಿಂಗಳು ಸಿಕ್ಕಿಕೊಂಡಿದ್ದು, ಮುಳುಗದೆ ಹೊರಬಂದಿತ್ತು.